ನಿಂಗಪ್ಪನ ನಾಲ್ಕನೆಯ ಉತ್ತರ

ನಿಂಗಪ್ಪ, ಜೈಲಿನಲ್ಲಿ ನೀನು ಹೇಳಿದ್ದನ್ನು ನಾನು ಬರೆಯಲಿಲ್ಲ. ನೀನು ಒಂದು ಹೇಳಿದೆ, ನಾನು ಇನ್ನೊಂದು ಬರೆದೆ, ಅದರ ಕೆಳಗೆ ನಂಬಿ ಹೆಬ್ಬೆಟ್ಟು ಒತ್ತಿದೆ ನೀನು. ಕೈತಪ್ಪಿ ಆದದ್ದಲ್ಲ — ಬೇಕಂತಲೇ ಬರೆದೆ. ಕಾಲುವೆಯ ದಂಡೆಯ ಮೇಲೆ ನೀನು ಸಲಿಕೆಯಿಂದ ಹೊಡೆದು ಕೊಂದ ಮೌನೇಶ ನನ್ನ ತಮ್ಮ. ಇದು ನಿನಗೆ ಇವತ್ತಿಗೂ ಗೊತ್ತಿಲ್ಲ.

ಈ ಕಾಗದವನ್ನು ನಿನಗೆ ಓದಿ ಹೇಳುತ್ತಿರುವವಳು ನಿನ್ನ ಮಗಳು. ಮಲ್ಲವ್ವಾ, ನಡುವೆ ನಿಲ್ಲಿಸಬೇಡ. ಅಪ್ಪನ ಮುಖ ನೋಡಿ ಒಂದು ಮಾತನ್ನೂ ನುಂಗಬೇಡ.

ಕಾಲುವೆ ಬರುವ ಮೊದಲು ಕೆಂಭಾವಿ ಕಡೆಯ ಆ ಎರೆಹೊಲಗಳಲ್ಲಿ ನಿಮಗೂ ನಮಗೂ ಜಗಳವೇ ಇರಲಿಲ್ಲ. ಎಲ್ಲರೂ ಜೋಳ ಬಿತ್ತಿ ಮುಗಿಲು ನೋಡುತ್ತಿದ್ದೆವು. ನೀರು ಬಂತು, ಭತ್ತ ಬಂತು, ಪಾಳಿ ಬಂತು — ಇಷ್ಟು ಹೊತ್ತು ಇವರಿಗೆ, ಇಷ್ಟು ಹೊತ್ತು ಅವರಿಗೆ. ನಿನ್ನ ಪಾಳಿಯ ದಿನ ತೂಬು ಮುಚ್ಚಿತ್ತು, ಹತ್ತಿರ ಮೌನೇಶ ನಿಂತಿದ್ದ. ನೀನು ಏನೂ ಕೇಳಲಿಲ್ಲ. ಹೊಡೆದೆ. ಅವನ ಮದುವೆ ಗೊತ್ತಾಗಿತ್ತು, ನಿಂಗಪ್ಪ.

ನಾನು ಶಹಾಪುರಕ್ಕೆ ಕೊಟ್ಟ ಹೆಣ್ಣು, ಅಲ್ಲೇ ಶಾಲೆಯಲ್ಲಿ ಕಲಿಸುತ್ತಿದ್ದೆ. ಕೋರ್ಟು ನಡೆಯುವಾಗ ಬಾಣಂತಿ. ಹಾಗಾಗಿ ನೀನು ನನ್ನ ಮುಖ ಕಂಡಿರಲಿಲ್ಲ. ಕೆಲವು ವರ್ಷಗಳ ಮೇಲೆ ಜೈಲಿನಲ್ಲಿ ಸಮಾಲೋಚಕರೊಬ್ಬರು ತರಬೇತಿ ಶುರುಮಾಡಿದರು. ಸಿಟ್ಟಿಗಿಂತ ಮೊದಲು ತಲೆಯಲ್ಲಿ ಒಂದು ವಿಚಾರ ಬರುತ್ತದೆ, ಅದನ್ನು ಹಿಡಿದು ನಿಲ್ಲಿಸಿ ನೋಡುವುದನ್ನು ಕಲಿತರೆ ಎತ್ತಿದ ಕೈ ಇಳಿಯುತ್ತದೆ ಎನ್ನುತ್ತಿದ್ದರು. ಪ್ರತಿಯೊಬ್ಬನಿಗೂ ಒಂದು ನೋಟುಬುಕ್ಕು, ಅದರಲ್ಲಿ ನಾಲ್ಕು ಪ್ರಶ್ನೆ. ಏನಾಯಿತು? ಆಗ ಮನಸ್ಸಿಗೆ ಏನು ಬಂತು? ಏನು ಮಾಡಿದೆ? ಬೇರೆ ಹೇಗೆ ವಿಚಾರ ಮಾಡಬಹುದಿತ್ತು? ಬರೆಯಲು ಬಾರದವರಿಗೆ ಬರೆದುಕೊಡಲು ಶಿಕ್ಷಕರು ಬೇಕಾಗಿದ್ದರು. ನೀನು ಅಲ್ಲಿರುವುದು ಗೊತ್ತಿದ್ದೇ ನಾನು ಹೆಸರು ಕೊಟ್ಟೆ.

ನೀನು ನನ್ನ ತಮ್ಮನನ್ನು ಬೈಯುತ್ತೀ ಎಂದು ಕಾದು ಕುಳಿತಿದ್ದೆ. ಮೊದಲು ಬೈದೆ ಕೂಡ; ಅದನ್ನೆಲ್ಲ ಖುಷಿಯಿಂದ ಬರೆದುಕೊಂಡೆ. ಆದರೆ ಬರಬರುತ್ತ ನೀನು ಬೇರೆಯಾದೆ. ಒಂದು ಶನಿವಾರ ನಾಲ್ಕನೆಯ ಪ್ರಶ್ನೆಗೆ ನೀನು ಕೊಟ್ಟ ಉತ್ತರ — ಅದನ್ನು ಕೊನೆಗೆ ಬರೆಯುತ್ತೇನೆ, ಒಂದಕ್ಷರವೂ ಮರೆತಿಲ್ಲ. ತೂಬು ತಾನಾಗಿ ಮುಚ್ಚಿರಬಹುದಿತ್ತು, ಹೊಡೆಯುವ ಮೊದಲು ಕೇಳಬೇಕಿತ್ತು ಎಂದೆ. ಹಾಗೆಂದು ಅತ್ತುಬಿಟ್ಟೆ.

ನನಗೆ ಮೈಯೆಲ್ಲ ಉರಿಯಿತು. ಸತ್ತವನು ಮಣ್ಣಲ್ಲಿರಬೇಕು, ಕೊಂದವನು ಒಳ್ಳೆಯವನಾಗಿ ಮನೆಗೆ ಹೋಗಬೇಕೆ? ಆ ನೋಟುಬುಕ್ಕು ನೋಡಿಯೇ ಜೈಲಿನ ಸಮಿತಿ ನಿನ್ನನ್ನು ಅವಧಿಗೆ ಮೊದಲು ಬಿಡುವುದಿತ್ತು. ನಾನು ಬರೆದೆ: "ನೀರು ನನ್ನದು. ಮತ್ತೆ ಮುಚ್ಚಿದರೆ ಮತ್ತೆ ಹೊಡೆಯುತ್ತೇನೆ." ಓದಿ ಹೇಳ್ರಿ ಎಂದೆ ನೀನು. ನೀನು ಹೇಳಿದ್ದನ್ನೇ ನಾನು ಓದಿ ಹೇಳಿದೆ — ಕಣ್ಣು ಒಂದರ ಮೇಲೆ, ಬಾಯಲ್ಲಿ ಇನ್ನೊಂದು.

ಸಮಾಲೋಚಕರಿಗೆ ಸಂಶಯ ಬಂತು. "ಇವ ಹಿಂಗ ಅಂದಾನಂದ್ರ ನಂಬಿಕಿ ಬರವಲ್ದು ಅಕ್ಕೋರ," ಎಂದರು. "ನಿಮ್ಮ ಮುಂದ ಒಂದು ಹೇಳ್ತಾನ್ರಿ ಸರ, ನನ್ನ ಮುಂದ ಒಂದು," ಎಂದೆ. ಅಷ್ಟು ಸಾಕಾಯಿತು. ಬಿಡುಗಡೆಯ ಪಟ್ಟಿಯಲ್ಲಿ ನಿನ್ನ ಹೆಸರು ಬಿಟ್ಟುಹೋಯಿತು, ಇನ್ನೂ ಮೂರು ವರ್ಷ ಒಳಗಿದ್ದೆ. ಆ ಸುದ್ದಿ ಕೇಳಿದ ದಿನ ಹೊಟ್ಟೆ ತಣ್ಣಗಾಗಿ ಬಸ್ಸಿನಲ್ಲಿ ಶೇಂಗಾ ತಿನ್ನುತ್ತ ಊರಿಗೆ ಬಂದವಳು ನಾನು.

"ನನಗೂ ನಾಕ್ ಅಕ್ಷರ ಕಲಸ್ರಿ ಅಕ್ಕೋರ," ಎಂದು ಎಷ್ಟು ಸಲ ಕೇಳಿದೆ ನೀನು! "ನಿನ್ನ ಕೈ ತಿರುಗೂದಿಲ್ಲ ಬಿಡು," ಎನ್ನುತ್ತಿದ್ದೆ ನಾನು. ನಿನ್ನ ಕೈ ಚೆನ್ನಾಗಿಯೇ ತಿರುಗುತ್ತಿತ್ತು. ನೀನು ಓದಲು ಕಲಿತರೆ ನನ್ನ ಗತಿ ಏನು?

ಇನ್ನೊಂದು ಇದೆ. ಇದು ನನ್ನ ತಾಯಿಗೂ ಗೊತ್ತಿಲ್ಲ. ಸಾಯುವ ಎರಡು ದಿನ ಮೊದಲು ಮೌನೇಶ ನಮ್ಮ ಮನೆಗೆ ಬಂದಿದ್ದ. ಊಟಕ್ಕೆ ಕುಳಿತು, "ನಿಂಗ್ಯಾನ ಪಾಳಿ ದಿನ ತೂಬ ಮುಚ್ಚತೀನಿ ನೋಡಕ್ಕ, ಎಷ್ಟ್ ಕುಣೀತಾನ ನೋಡೂಣು," ಎಂದ. ಬೇಡ ಎನ್ನಲಿಲ್ಲ ನಾನು. ನಕ್ಕೆ — ನಕ್ಕು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಅಂದರೆ ಅಂದು ನಿನ್ನ ಮನಸ್ಸಿಗೆ ಬಂದದ್ದು ಸುಳ್ಳಾಗಿರಲಿಲ್ಲ. ಅವನು ಬೇಕಂತಲೇ ಮುಚ್ಚಿದ್ದ. ನೀನು ಜೈಲಿನಲ್ಲಿ ಕುಳಿತು ಅವನ ಪರವಾಗಿ ವಿಚಾರ ಮಾಡುತ್ತಿದ್ದೆ, ಎಲ್ಲ ಗೊತ್ತಿದ್ದ ನಾನು ಎದುರಿಗೆ ಕುಳಿತು...

ಹೋದ ತಿಂಗಳು ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಕೈಮುಗಿದೆ. "ಇಕಿ ನನ್ನ ಮಗಳ್ರಿ. ನಾ ಒಳಗಿದ್ದಾಗ ಏಳನೇತ್ತಾ ಸಾಲಿ ಬಿಟ್ಟು ಹತ್ತಿ ಬಿಡಸಾಕ ಹೋಗ್ಯಾಳ," ಎಂದೆ. ನನ್ನ ಮೂರು ವರ್ಷದ ಸಂತೋಷಕ್ಕೆ ಒಬ್ಬ ಹುಡುಗಿ ಶಾಲೆ ಬಿಟ್ಟಿದ್ದಳು, ನಾನು ಶಿಕ್ಷಕಿ. ಆಮೇಲೆ ನೀನು ಹೇಳಿದೆ: "ನೀವು ಬರದ ಬುಕ್ಕ ಜೈಲಿನವ್ರು ನನಗ ಕೊಟ್ಟು ಕಳಿಸ್ಯಾರ್ರಿ. ಗ್ವಾಡಿ ಮಾಡದಾಗ ಇಟ್ಟೇನಿ. ಹಬ್ಬಕ್ಕ ಮಂದಿ ಕೂಡಿದಾಗ ಇಕಿ ಕಡಿಂದ ಓದಸ್ತೀನಿ. ಅವರಪ್ಪ ಎಂಥಾವ ಆಗ್ಯಾನಂತ ಇಕಿಗೂ ತಿಳೀಲಿ."

ಮಲ್ಲವ್ವಾ, ನೀನು ಆ ಬುಕ್ಕು ಓದುವ ಮೊದಲು ಇದನ್ನು ಓದಬೇಕೆಂದೇ ಬರೆದೆ. ಇದೇ ಮಾತನ್ನು ಜೈಲಿಗೂ ನನ್ನ ಶಾಲೆಯ ಮೇಲಧಿಕಾರಿಗಳಿಗೂ ಬರೆದು ಕಳಿಸಿದ್ದೇನೆ. ತಾಯಿಗೆ ನಾಳೆ ಹೇಳುತ್ತೇನೆ. ನಿಂಗಪ್ಪ, ನನ್ನ ತಮ್ಮನನ್ನು ಕೊಂದದ್ದಕ್ಕೆ ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದಿದೆ ಎಂದರೆ ಮತ್ತೊಂದು ಸುಳ್ಳು ಬರೆದಂತಾಗುತ್ತದೆ. ನೀನೂ ನನ್ನನ್ನು ಕ್ಷಮಿಸಬೇಡ.

ಅಂದು ನೀನು ಹೇಳಿದ್ದು ಇದು:

"ಬರಕೊಳ್ರಿ ಅಕ್ಕೋರ. ತೂಬು ಮುಚ್ಚಿದ್ದು ಕಂಡಕೂಡ್ಲೆ ಬೇಕಂತ ಮುಚ್ಯಾನ ಅಂದುಕೊಂಡ್ನಿ. ಕಸಾ ಸಿಕ್ಕೊಂಡು ತಾನಾಗೇ ಮುಚ್ಚಿರಬೇಕು ಅಂತ ಯಾಕ ಹೊಳೀಲಿಲ್ಲ ನನಗ? ಸಲಿಕಿ ಕೆಳಗಿಟ್ಟು, ಯಾಕಪಾ ತಮ್ಮಾ ಅಂತ ಒಂದ್ ಮಾತ ಕೇಳಬೇಕಿತ್ತು. ಆ ಹುಡುಗ ಇವತ್ತು ಇರ್ತಿದ್ದ."

ಇದು ನಿನ್ನ ಅಪ್ಪನ ಉತ್ತರ, ಮಲ್ಲವ್ವಾ. ಗೋಡೆಯ ಮಾಡದಲ್ಲಿರುವ ಬುಕ್ಕಿನಲ್ಲಿ 'ಮತ್ತೆ ಹೊಡೆಯುತ್ತೇನೆ' ಎಂದು ಇದೆಯಲ್ಲ, ಅದು ನನ್ನದು.