ವಿದ್ಯಾಪೀಠದ ಯಂತ್ರದ ತವನಪ್ಪನವರು

ನಾಡು ಒಂದಾದ ಮರುವರ್ಷ ಗೋಕಾಕದ ಪೇಟೆಯಲ್ಲಿ ಶೇಂಗಾ ಸುಲಿಯುವ ಯಂತ್ರ ಹೂಡಿದ ತವನಪ್ಪನವರು ಅಂದಿನಿಂದ ‘ನಾನು’ ಅಂದವರಲ್ಲ, ‘ನಾವು ಮತ್ತು ವಿದ್ಯಾಪೀಠ’ ಅನ್ನುತ್ತಾರೆ. ಯಂತ್ರ ಕಂಡುಹಿಡಿದ ವಿದ್ಯಾಪೀಠ ಅವರ ಅಂಗಡಿಗೆ ಕೊಟ್ಟದ್ದು ಒಂದು ನಕ್ಷೆ, ಒಂದು ಶಿಫಾರಸು ಪತ್ರ, ಉಳಿದದ್ದೆಲ್ಲ ಆಶೀರ್ವಾದ. ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಹಾಕಿದ್ದಾರೆ. ಯಂತ್ರ ಕೆಮ್ಮಿದರೆ “ಸಂಶೋಧನಾ ನಡದೈತ್ರಿ” ಅನ್ನುತ್ತಾರೆ, ನಿಂತೇಬಿಟ್ಟರೆ “ವಿಚಾರ ಮಾಡಾಕತ್ತೈತ್ರಿ” ಅನ್ನುತ್ತಾರೆ. ಬಿತ್ತನೆಗೆಂದು ಶೇಂಗಾ ತಂದ ಮೂಡಲಗಿಯ ಕೆಂಪವ್ವ, “ಕಾಳು ಒಡದ್ರ ಮೊಳಕಿ ಬರಂಗಿಲ್ಲರಿ ಕಾಕಾ, ವಿದ್ಯಾಪೀಠ ಬಂದು ಬಿತ್ತತೈತೇನ್ರಿ?” ಎಂದರೆ, “ಒಂದೂ ಒಡಿಯಂಗಿಲ್ಲವಾ, ನಾಳಿ ಬಾ” ಎಂದು ಎದೆ ಉಬ್ಬಿಸುತ್ತಾರೆ. ಆಕೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಚೀಲವನ್ನು ಹೆಂಡತಿ ಇಂದುಬಾಯಿಯ ಮುಂದೆ ಸುರುವಿ, ತಾವೂ ಕೂತು ಒಂದೊಂದೇ ಕಾಯಿಯನ್ನು ಕೈಯಿಂದ ಸುಲಿಯುತ್ತಾರೆ. “ಯಂತ್ರ ಸುಮ್ನ ನಿಂತೈತಲ್ರಿ?” ಎಂದು ಆಕೆ ಚುಚ್ಚಿದರೆ, ತಲೆಯೆತ್ತದೆ ಹೇಳುತ್ತಾರೆ: “ಅದು ಕಲಿಯೂತನಕ ಆಕಿ ಹೊಲ ಬರಿದ ಇರಬೇಕೇನ?”