ಎಣ್ಣೆಯ ಸದ್ದು ಕೇಳುತ್ತಿದ್ದವರು

ಮದ್ದೂರಿನ ಹೆದ್ದಾರಿ ಪಕ್ಕದಲ್ಲಿ ವಡೆ ಕರಿಯುತ್ತಿದ್ದ ಆ ಅಣ್ಣ ಬಾಣಲೆಯತ್ತ ನೋಡುತ್ತಲೇ ಇರಲಿಲ್ಲ. ಕಿವಿಗೊಟ್ಟು ಎಣ್ಣೆಯ ಸದ್ದು ಕೇಳುತ್ತಿದ್ದರು. ಬೆಂದಿತೇ ಎಂದು ನಾನು ಕೇಳಿದರೆ, “ಎಣ್ಣೆನೇ ಯೋಳ್ತದೆ, ಸುಮ್ಕಿರಪ್ಪ” ಎನ್ನುವರು. ಮುರಿದ ವಡೆ, ಉಳಿದ ವಡೆಯೆಲ್ಲ ಬೆಸಗರಹಳ್ಳಿ ಬಸ್ಸಿಳಿದು ಬರುವ, ಸೊಪ್ಪು ಮಾರುವ ಹೆಂಗಸರಿಗೆ ಪುಕ್ಕಟೆ.

ಆಮೇಲೆ ಅದೇ ಅಂಗಡಿಗೆ ಡೋನಟ್ ಕಂಪನಿಯೊಂದರ ಬೋರ್ಡು ಬಂತು. ಜಾಗ, ದುಡಿಮೆ, ನಷ್ಟ ಇವರದು. ಹೆಸರು, ಹಿಟ್ಟು, ಕಾನೂನು ಕಂಪನಿಯದು. ಸುತ್ತಲೂ ಕಬ್ಬು ಬೆಳೆಯುವ ಊರಲ್ಲಿ ಸಕ್ಕರೆ ಕೂಡ ಕಂಪನಿಯ ಪ್ಯಾಕೆಟ್ಟಿನಲ್ಲೇ ಬರಬೇಕಂತೆ!

ಒಂದು ಮಧ್ಯಾಹ್ನ, ಮಾರಾಟವಾಗದ ಡೋನಟ್ಟುಗಳನ್ನು ಅವರು ಎಂದಿನಂತೆ ಆ ಹೆಂಗಸರಿಗೆ ಕೊಡುತ್ತಿದ್ದಾಗ ಕಂಪನಿಯ ತಪಾಸಣೆಗಾರ ಬಂದ.

“ಪುಕ್ಕಟೆ ಸಿಕ್ಕಿದ್ರೆ ಕಾಸು ಕೊಟ್ಟು ಯಾರ್ರೀ ತಗೋತಾರೆ? ಉಳಿದಿದ್ದಕ್ಕೆ ಫಿನಾಯಿಲ್ ಸುರಿದು ಫೋಟೋ ಕಳಿಸಿ. ಒಪ್ಪಂದದಲ್ಲೇ ಇದೆ” ಎಂದ.

ಅಣ್ಣ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, ಕಸದ ಡಬ್ಬಕ್ಕೆ ಬಗ್ಗಿಸಿ, ಫಿನಾಯಿಲ್ ಸುರಿದರು. ನನಗೆ ಮೈಯೆಲ್ಲ ಉರಿದುಹೋಯಿತು.

“ತಿನ್ನೋ ಪದಾರ್ಥಕ್ಕೆ ಇಸ ಉಯ್ತಿದ್ದೀಯಲ್ಲಣ್ಣ, ಈಗ ಏನಂತದೆ ನಿನ್ನ ಎಣ್ಣೆ?” ಎಂದು ಕೂಗಿದೆ.

ಅವರು ತಲೆಯೆತ್ತಲಿಲ್ಲ.

“ಈಗ ಎಣ್ಣೆ ಯೋಳಲ್ಲ ಕಣಪ್ಪ, ಕಂಪ್ನಿ ಯೋಳ್ತದೆ” ಎಂದು, ಫೋಟೋ ತೆಗೆಯಲು ಫೋನ್ ಎತ್ತಿದರು.