ಆರನೇ ಇಲಿ, ಒಂಬತ್ತನೇ ಇಲಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಬ್ಲೇಡಕ್ಕ ಎಂದೇ ಕರೆಯುತ್ತಿದ್ದರು. ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು ಕೂದಲೆಳೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಪಟ್ಟಿಗೆ ಕೂರಿಸಿ, ಬಣ್ಣ ಹಾಕಿ ಕೊಡುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ.

ಈ ಸಲ ಬಂದದ್ದು ಹನ್ನೆರಡು ಹೆಣ್ಣಿಲಿಗಳ ಗರ್ಭಕೋಶ. ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧವನ್ನು ಅವುಗಳಿಗೆ ಕೊಡಲಾಗಿದೆ ಎಂದು ಜೊತೆಗಿದ್ದ ಚೀಟಿಯಲ್ಲಿತ್ತು. ಹತ್ತರಲ್ಲಿ ಒಳಪದರ ಸೊರಗಿತ್ತು, ಒಂದು ಭ್ರೂಣವೂ ಅಂಟಿಕೊಂಡಿರಲಿಲ್ಲ. ಆರನೆಯದರಲ್ಲಿ ಮತ್ತು ಒಂಬತ್ತನೆಯದರಲ್ಲಿ ಮಾತ್ರ ಪದರ ದಪ್ಪಗೆ ಬೆಳೆದು, ನಾಳಗಳು ತುಂಬಿ, ಭ್ರೂಣಗಳು ಹಾಯಾಗಿ ನೆಲೆಯೂರಿದ್ದವು.

“ಔಷಧ ಕೊಡದ ಇಲಿಗಳದ್ದನ್ನ ಇದರಲ್ಲಿ ಸೇರಿಸಿಬಿಟ್ಟಿದ್ದೀರ ಅಕ್ಕ,” ಎಂದಳು ಸಂಶೋಧಕಿ. ಬ್ಲೇಡಕ್ಕನ ಮಗಳ ವಯಸ್ಸಿನವಳು.

“ಇಲ್ಲ ಮೇಡಂ.”

“ಮತ್ತೆ ಕತ್ತರಿಸಿ.”

ಕತ್ತರಿಸಿದಳು. ಕಂಡದ್ದು ಅದೇ. ಮೂರನೇ ಸಲವೂ ಅದೇ. ಅಷ್ಟರಲ್ಲಿ ಅವಳ ಬಲಭುಜ ಕಲ್ಲಾಗಿತ್ತು.

“ವಯಸ್ಸಾಯ್ತು, ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ,” ಎಂಬ ಮಾತು ಬಂದಾಗ ಮಾತ್ರ ಅವಳಿಗೆ ರೇಗಿಹೋಯಿತು. ಏಪ್ರನ್ ಬಿಚ್ಚದೆ, ಎರಡು ಮಹಡಿ ಇಳಿದು, ಇಲಿಗಳ ಕೋಣೆಗೆ ಹೋದಳು.

ಅಲ್ಲಿ ಪಂಜರ ತೊಳೆಯುತ್ತಿದ್ದ ಹಿರಿಯ ಕೆಲಸಗಾರನನ್ನು ಕೇಳಿದಳು: “ಅಣ್ಣ, ಆರಕ್ಕೂ ಒಂಬತ್ತಕ್ಕೂ ಇಂಜೆಕ್ಷನ್ ಕೊಟ್ಟಿದ್ರಾ?”

“ಎಲ್ಲಿಂದ ಕೊಡ್ಲಿ? ಅವೆರಡು ಕೊನೇ ಪಂಜರದಲ್ಲಿದ್ವು, ಅಲ್ಲಿಗೆ ಬರೋಷ್ಟರಲ್ಲಿ ಔಷಧ ಮುಗೀತು. ಪುಸ್ತಕದಲ್ಲಿ ಬರ್ದಿದ್ದೀನಿ. ಮೇಡಂಗೂ ಹೇಳ್ದೆ, ಫೋನಲ್ಲಿದ್ರು, ಹೋಗು ಅಂತ ಕೈ ಆಡಿಸಿದ್ರು.”

“ಅದಕ್ಕೇ. ರಕ್ತ ಹರಿಯೋಕೆ ದಾರಿ ಇದ್ರೆ ಪದರ ಬೆಳೆಯುತ್ತೆ, ಪದರ ಬೆಳೆದ್ರೆ ಭ್ರೂಣ ಕೂರುತ್ತೆ. ಇದಕ್ಕೆ ನನ್ನ ಕಣ್ಣೇನ್ ಮಾಡುತ್ತೆ?”

ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಮೇಲೆ ಬಂದು, ಆ ಪುಟ ತೆರೆದು ಮೇಜಿನ ಮೇಲಿಟ್ಟಳು. ಸಂಶೋಧಕಿ ಎರಡು ಸಲ ಓದಿದಳು. ಕಿವಿ ಕೆಂಪಾದವು. ಆ ಎರಡು ಇಲಿಗಳನ್ನು ಲೆಕ್ಕದಿಂದ ತೆಗೆದ ಮೇಲೆ ಉಳಿದ ಹತ್ತೂ ಒಂದೇ ಮಾತು ಹೇಳುತ್ತಿದ್ದವು: ನಾಳಗಳನ್ನು ತಡೆದರೆ ಗರ್ಭ ನಿಲ್ಲುವುದಿಲ್ಲ.

“ಸಾರಿ ಅಕ್ಕ. ನಾನೇ ನೋಡ್ಬೇಕಿತ್ತು,” ಎಂದಳು. ಪುಸ್ತಕ ಮುಚ್ಚಿ, “ಮುಂದಿನ ಗುಂಪಿನ ಇಪ್ಪತ್ತು ಪಟ್ಟಿ ನಾಳೆಗೆ ಆಗುತ್ತಾ?”

ಬ್ಲೇಡಕ್ಕ ಅವಳನ್ನೇ ನೋಡಿದಳು. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

“ಆಗಲ್ಲ. ನಾಳೆ ನಾನು ರಜಾ.”

ರಜೆಯ ಅರ್ಜಿಯನ್ನು ಅಲ್ಲೇ ನಿಂತು ಬರೆದಳು. ಕಾರಣ ಎಂಬಲ್ಲಿ ‘ಭುಜ ನೋವು’ ಎಂದು ಹಾಕಿದಳು. ಬಾಯಿಗೆ ಬಂದದ್ದು ಬೇರೆಯೇ ಇತ್ತು, ನುಂಗಿಕೊಂಡಳು.